ಓದಿದವರೇ ಚೀಲ ಚುಚ್ಚಿದ್ದು

ಭಾನುವಾರ ಮಲ್ಲೇಶ್ವರದಲ್ಲಿ ಚಿಕ್ಕಪ್ಪನ ಷಷ್ಟ್ಯಬ್ದಿ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾಗ ಟೋಕಿಯೋ ಮೆಟ್ರೋ ರೈಲಿನಲ್ಲಿ ವಿಷಾನಿಲ ಬಿಟ್ಟವರ ಮಾತು ಬಂತು. ನಮ್ಮ ಭಾವ ಒಂದೇ ಮಾತಲ್ಲಿ ಮುಗಿಸಿಬಿಟ್ಟರು: "ಬಿಡಮ್ಮ, ಅವರೆಲ್ಲ ತಲೆಕೆಟ್ಟವರು. ನಮ್ಮಂಥ ಓದಿದವರು ಅಂಥ ಕಡೆ ಹೋಗ್ತಾರಾ?"

ಸಮಾರಂಭದಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಸಿಟ್ಟು ಇನ್ನೂ ಇಳಿದಿಲ್ಲ. ನಾನು ಕೆಮಿಸ್ಟ್ರಿ ಮೇಡಂ ಅಂತ ನಿಮಗೆಲ್ಲ ಗೊತ್ತೇ ಇದೆ. ಸಾರಿನ್ ಅನ್ನೋ ಆ ವಿಷ ತಯಾರಿಸಿದವನು ತ್ಸುಕುಬಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ನನ್ನದೇ ಸಬ್ಜೆಕ್ಟು.

1995ರ ಮಾರ್ಚ್ 20. ಬೆಳಿಗ್ಗೆ ಎಲ್ಲರೂ ಆಫೀಸಿಗೆ ಹೋಗುವ ಹೊತ್ತು. ಓಮ್ ಶಿನ್ರಿಕ್ಯೋ ಪಂಥದ ಐದು ಜನ ಐದು ರೈಲು ಹತ್ತಿದರು. ಸಾರಿನ್ ತುಂಬಿ ನ್ಯೂಸ್ ಪೇಪರಲ್ಲಿ ಸುತ್ತಿದ ಪ್ಲಾಸ್ಟಿಕ್ ಚೀಲಗಳನ್ನ ಕಾಲ ಬುಡದಲ್ಲಿಟ್ಟು, ಚೂಪು ಮಾಡಿದ ಛತ್ರಿ ತುದಿಯಿಂದ ಚುಚ್ಚಿ ಇಳಿದು ಹೋದರು. ಅವರಲ್ಲೊಬ್ಬ ಹೃದಯದ ಸರ್ಜನ್. ಇನ್ನೊಬ್ಬ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಫಿಸಿಕ್ಸ್ ಓದಿದವನು. ಕಸುಮಿಗಸೆಕಿ ಸ್ಟೇಷನ್ನಿನಲ್ಲಿ ಸೋರುತ್ತಿದ್ದ ಆ ಪೊಟ್ಟಣ ಎತ್ತಿ ಹಾಕಿ, ಚೊಕ್ಕಟ ಮಾಡಲು ಹೋದ ಇಬ್ಬರು ಸಿಬ್ಬಂದಿ ಸತ್ತರು. ಒಬ್ಬ ಹೆಂಗಸು 25 ವರ್ಷ ಹಾಸಿಗೆ ಹಿಡಿದು 2020ರಲ್ಲಿ ತೀರಿಕೊಂಡರು. ಒಟ್ಟು 14 ಸಾವು. ತೊಂದರೆಗೆ ಸಿಕ್ಕವರು ಸಾವಿರಾರು.

ತಲೆಕೆಟ್ಟವರಂತೆ! ತಲೆಕೆಟ್ಟವರಿಗೆ ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡೋಕೆ ಬರುತ್ತಾ?

ಈ ಪಂಥ ಶುರುವಾಗಿದ್ದು 1984ರಲ್ಲಿ, ಟೋಕಿಯೋದ ಒಂದು ಯೋಗ ಕ್ಲಾಸಿನಿಂದ. ಗುರು ಶೋಕೋ ಅಸಹಾರ. 1988ರಲ್ಲಿ ಸಾಧನೆಯ ಹೆಸರಲ್ಲಿ ಒಬ್ಬ ಶಿಷ್ಯ ಸತ್ತ. ಅದನ್ನ ಮುಚ್ಚಿಟ್ಟರು. ಅದನ್ನ ಬಲ್ಲ ಇನ್ನೊಬ್ಬ ಶಿಷ್ಯ ನಾನು ಹೊರಟೆ ಅಂದ. 1989ರ ಫೆಬ್ರವರಿಯಲ್ಲಿ ಅವನನ್ನೇ ಕೊಂದರು. ಇದನ್ನ ಗಮನಿಸಿ ದಯವಿಟ್ಟು. ಮೊದಲು ಕೊಂದದ್ದು ಶತ್ರುವನ್ನಲ್ಲ, ಬಿಟ್ಟು ಹೋಗ್ತೀನಿ ಅಂದ ತಮ್ಮವನನ್ನ. ಅದೇ ವರ್ಷ ಆಗಸ್ಟಿನಲ್ಲಿ ಸರ್ಕಾರ ಇವರಿಗೆ ಧಾರ್ಮಿಕ ಸಂಸ್ಥೆಯ ಮಾನ್ಯತೆ ಕೊಟ್ಟಿತು. ನವೆಂಬರಿನಲ್ಲಿ ಇವರ ವಿರುದ್ಧ ನಿಂತಿದ್ದ ವಕೀಲರನ್ನ, ಅವರ ಹೆಂಡತಿಯನ್ನ, ಒಂದು ವರ್ಷದ ಕೂಸನ್ನ ಕೊಂದರು. ಆಗ ಯಾರೂ ಸಿಕ್ಕಿಬೀಳಲಿಲ್ಲ. 1990ರ ಚುನಾವಣೆಗೆ 25 ಜನ ನಿಂತು ಎಲ್ಲರೂ ಸೋತರು. ಆಮೇಲಂತೂ ಪ್ರಳಯದ ಮಾತು ಜಾಸ್ತಿಯಾಯಿತು: ಲೋಕ ಮುಳುಗುತ್ತೆ, ಉಳಿಯೋದು ನಾವು ಮಾತ್ರ. ಗುರು ಹೇಳಿ ಕೊಂದರೆ ಅದು ಕೊಲೆಯಲ್ಲ, ಸತ್ತವನಿಗೆ ಒಳ್ಳೆಯ ಗತಿ ಸಿಗುತ್ತೆ ಅಂತ ಪಾಠ ಬೇರೆ. 1994ರಲ್ಲಿ ಮತ್ಸುಮೊಟೊ ಊರಲ್ಲಿ, ತಮ್ಮ ಜಮೀನು ಕೇಸಿನ ಜಡ್ಜುಗಳಿದ್ದ ಕಡೆ ಸಾರಿನ್ ಬಿಟ್ಟರು. ಪೊಲೀಸರು, ಪತ್ರಿಕೆಗಳು ಅನುಮಾನಪಟ್ಟಿದ್ದು ಅಲ್ಲಿನ ಒಬ್ಬ ನಿರಪರಾಧಿಯ ಮೇಲೆ.

ಶಿಷ್ಯರ ನಿದ್ದೆ ಕೆಡಿಸಿ, ಎಲ್‌ಎಸ್‌ಡಿ ಅನ್ನೋ ಭ್ರಮೆ ಹುಟ್ಟಿಸುವ ಮದ್ದು ಕೊಟ್ಟು ತಲೆ ತಿರುಗಿಸಿದ್ದರು ಅಂತೀರಿ. ನಿಜ, ಕೊಟ್ಟಿದ್ದರು. ಆದರೆ ಆ ಬಾಗಿಲಿಗೆ ನಡೆದುಕೊಂಡು ಬಂದಾಗ ಅವರ ಬುದ್ಧಿ ಅವರ ಹತ್ತಿರವೇ ಇತ್ತಲ್ವಾ? ಆ ಸರ್ಜನ್ ಆಸ್ಪತ್ರೆ ಕೆಲಸ ಬಿಟ್ಟು ಬಂದವನು. ಓದು ಅವನನ್ನ ತಡೆಯಲಿಲ್ಲ. ಅವನ ಓದು ಪಂಥಕ್ಕೆ ಉಪಯೋಗಕ್ಕೆ ಬಂತು ಅಷ್ಟೇ.

ನಾನೂ ದೇವರಿಗೆ ಕೈ ಮುಗಿಯೋಳೇ. ನಂಬಿಕೆಯ ಮೇಲೆ ನನಗೆ ಕೋಪ ಇಲ್ಲ.

ಇಷ್ಟೊಂದು ಯಾಕೆ ಉರಿಯುತ್ತಿದ್ದೀನಿ ಅಂತ ಹೇಳಿಬಿಡ್ತೀನಿ. ನನ್ನ ಹಳೇ ವಿದ್ಯಾರ್ಥಿಯೊಬ್ಬ, ತುಂಬಾ ಜಾಣ, ಕೆಲಸ ಬಿಟ್ಟು ಒಬ್ಬ ಗುರುಗಳ ಹತ್ತಿರ ಹೋಗಿದ್ದಾನೆ. ಅಲ್ಲಿ ಏನೋ ಅಪರಾಧ ನಡೀತಿದೆ ಅಂತ ನಾನು ಹೇಳ್ತಿಲ್ಲ. ಆದರೆ ಅವನ ಅಮ್ಮ ಫೋನ್ ಮಾಡಿ, "ಮೇಡಂ, ನಮ್ಮ ಹುಡುಗ ಓದಿದವನು, ಭಯ ಇಲ್ಲ ಅಲ್ವಾ?" ಅಂತ ಕೇಳಿದರು. ಓದಿನ ಮಾತು ಬಿಡಿ ಅಂದೆ. ಅಲ್ಲಿಂದ ಯಾರಾದರೂ ಬಿಟ್ಟು ಬಂದಿದ್ದಾರಾ, ಬಂದವರ ಜೊತೆ ಒಳಗಿನವರು ಈಗಲೂ ಮಾತಾಡ್ತಾರಾ, ಅದನ್ನ ವಿಚಾರಿಸಿ ಅಂದೆ.