ಮೊದಲು ಇಂಗ್ಲಿಷ್ ಕಲಿತು ಬನ್ನಿ ಅಂದರು

ಬೆಳಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆದೇ ಬಿಡುತ್ತೇನೆ.

ಅಕ್ಕನ ಮಗಳನ್ನು ಕರೆದುಕೊಂಡು ದಾವಣಗೆರೆಯ ಒಂದು ಕಂಪ್ಯೂಟರ್ ಸೆಂಟರ್‌ಗೆ ಹೋಗಿದ್ದೆ. ಅಣಜಿಯಿಂದ ಬೆಳಗಿನ ಬಸ್ಸಿಗೇ ಬಂದಿದ್ದಳು. ಬಿಕಾಂ ಎರಡನೇ ವರ್ಷ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಪ್ರೋಗ್ರಾಮಿಂಗ್ ಕಲಿಯಬೇಕು ಅನ್ನೋದು ಅವಳದೇ ಆಸೆ, ನಾವ್ಯಾರೂ ಹೇಳಿದ್ದಲ್ಲ. ಕೌಂಟರ್‌ನಲ್ಲಿದ್ದವರು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿದರು. ಅವಳು ತಡವರಿಸಿದಳು. "ಮೊದ್ಲು ಮೂರು ತಿಂಗಳು ಸ್ಪೋಕನ್ ಇಂಗ್ಲಿಷ್ ಮಾಡ್ಸಿ ಸರ್, ಆಮೇಲೆ ಪೈಥಾನ್ ನೋಡೋಣ" ಅಂತ ನನಗೆ ಹೇಳಿದರು. ಪೈಥಾನ್ ಅಂದರೆ ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆಯೋ ಒಂದು ಭಾಷೆ. ಕಲಿಯೋಕೆ ಬಂದವಳ ಮುಖ ನೋಡಿ ಹೇಳಲಿಲ್ಲ, ನನ್ನ ಮುಖ ನೋಡಿ ಹೇಳಿದರು.

ಮೆಟ್ಟಿಲು ಇಳಿಯುವಾಗ ಅವಳು "ಬಿಡು ಮಾಮ, ಟ್ಯಾಲಿ ಒಂದು ಕಲ್ತರೆ ಸಾಕು" ಅಂದಳು. ವ್ಯಾಪಾರದ ಲೆಕ್ಕ ಬರೆಯೋ ಟ್ಯಾಲಿಯೂ ಒಳ್ಳೆಯದೇ. ಆದರೆ ಅವಳು ಬಸ್ಸು ಹತ್ತಿ ಬಂದಿದ್ದು ಅದಕ್ಕಲ್ಲ ಅಲ್ವಾ?

ಇಂಗ್ಲಿಷ್ ಬಂದರೆ ಮಾತ್ರ ಕಂಪ್ಯೂಟರ್ ಅಂತ ಯಾರು ನಿಯಮ ಮಾಡಿದರು? ಜಗಳೂರು ಸೀಮೆಯಿಂದ ಬಂದ ನನಗೂ ಇದೇ ಮಾತು ಹೇಳಿದ್ದರು. ನಿಮಗೆ ಯಾರಿಗೂ ಹೇಳದ ಒಂದು ವಿಷಯ ಹೇಳುತ್ತೇನೆ. ಡಿಪ್ಲೊಮಾ ಮೊದಲ ಸೆಮಿಸ್ಟರ್ ಪೂರ್ತಿ ಪಕ್ಕದವನ ರೆಕಾರ್ಡ್ ಬುಕ್ ನೋಡಿಕೊಂಡು ಸಿ ಭಾಷೆಯ ಪ್ರೋಗ್ರಾಂ ಬರೆದೆ. 'ಡಿಕ್ಲೇರ್' ಅಂದರೆ ಏನು ಅಂತ ಕೇಳೋಕೆ ನಾಚಿಕೆ. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್‌ನಲ್ಲಿ ಸೀನಿಯರ್ ಒಬ್ಬರು ಹೇಳಿದರು: "ಅಡುಗೆಮನೇಲಿ ಡಬ್ಬಿಗೆ ಚೀಟಿ ಅಂಟಿಸ್ತಾರಲ್ಲೋ, ಇದು ಉಪ್ಪು, ಇದು ಸಕ್ಕರೆ ಅಂತ. ಅಷ್ಟೇ ಅದು." ಅಂದರೆ ಅಂಕಿ ಇಡೋ ಜಾಗಕ್ಕೊಂದು ಹೆಸರು ಕೊಡೋದು. ಆರು ತಿಂಗಳು ಆಗದಿದ್ದದ್ದು ಆ ಒಂದು ಕನ್ನಡದ ಮಾತಿನಿಂದ ಆಯಿತು.

ಸೆಂಟರ್‌ನಿಂದ ಸೀದಾ ನಮ್ಮ ಮನೆಗೇ ಕರೆದುಕೊಂಡು ಬಂದೆ. ಪೈಥಾನ್ ಪುಕ್ಕಟೆ ಸಿಗುತ್ತದೆ, ಫೋನಿನಲ್ಲೂ ಓಡುತ್ತದೆ. 2008ರಲ್ಲಿ ಬಂದ ಪೈಥಾನ್ 3ರಿಂದ ಡಬ್ಬಿಯ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಅವರಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಅದರ ಲೆಕ್ಕವನ್ನೇ ಹಾಕಿಸಿದೆ. ಮೊದಲ ಸಾಲು ಕ್ವಿಂಟಲ್ ಲೆಕ್ಕದಲ್ಲಿ, ತೂಕ = 18.5. ಎರಡನೇ ಸಾಲು, ದರ = 2000. ಮೂರನೆಯದು, ತೂಕ ಗುಣಿಸು ದರ, ಉತ್ತರ ತೋರಿಸೋಕೆ ಒಂದು ಪ್ರಿಂಟ್. ಓಡಿಸಿದಳು. ಎರರ್. ಕೆಂಪು ಅಕ್ಷರ ನೋಡಿದ್ದೇ ಫೋನನ್ನು ನನ್ನ ಕೈಗೆ ಕೊಡೋಕೆ ಬಂದಳು. ನಾನು ಮುಟ್ಟಲಿಲ್ಲ. "ಕೊನೇ ಸಾಲನ್ನು ಮೊದಲು ಓದು" ಅಂದೆ. ನೇಮ್ ಎರರ್, ಅಂದರೆ ಈ ಹೆಸರು ಗೊತ್ತಿಲ್ಲ ಅಂತ ಇತ್ತು, ಪಕ್ಕದಲ್ಲಿ 'ತುಕ'. ಒಂದು ನಿಮಿಷ ಸುಮ್ನೆ ನೋಡಿದಳು. "ಅಯ್ಯೋ, ದೀರ್ಘ ಬಿಟ್ಟಿದೀನಿ!" ತಿದ್ದಿದಳು. 37000.0 ಬಂತು.

ಆಮೇಲೆ ದರವನ್ನು ಕೀಲಿ ಒತ್ತಿ ಕೊಡೋ ಹಾಗೆ ಬದಲಾಯಿಸಿದೆವು. ಬೇಕಂತಲೇ ಕನ್ನಡ ಅಂಕಿಯಲ್ಲಿ ೨೦೦೦ ಅಂತ ಕೊಟ್ಟಳು. ಅದನ್ನೂ ಸರಿಯಾಗಿ ಓದಿಕೊಂಡಿತು. ಅವಳ ಮುಖ ನೋಡಬೇಕಿತ್ತು ನೀವು.

ಕೆಲಸದ ಸಂದರ್ಶನ ಇಂಗ್ಲಿಷಿನಲ್ಲೇ ತಾನೇ, ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ತಾನೇ ಅನ್ನುತ್ತೀರಿ. ಹೌದು. ಇಂಗ್ಲಿಷ್ ಬೇಡ ಅಂತ ನಾನೂ ಹೇಳುತ್ತಿಲ್ಲ. ಆದರೆ ಪೈಥಾನ್‌ನ ಮೀಸಲು ಪದಗಳು, ಅಂದರೆ ಅದು ತನ್ನ ಕೆಲಸಕ್ಕೇ ಇಟ್ಟುಕೊಂಡ ಪದಗಳು, ಒಟ್ಟು 35. ಇಫ್, ಎಲ್ಸ್, ಫಾರ್, ವೈಲ್, ಹೀಗೆ. ಶುರು ಮಾಡೋಕೆ ಅವುಗಳಲ್ಲಿ ಹತ್ತು ಬಂದರೆ ಸಾಕು. ಹತ್ತು ಪದಕ್ಕೋಸ್ಕರ ಮೂರು ತಿಂಗಳು ಬಾಗಿಲಲ್ಲೇ ನಿಲ್ಲಿಸುತ್ತೀರಾ? ಅವಳಿಗೆ ಬೇಕಾದ ಇಂಗ್ಲಿಷನ್ನು ಎರರ್‌ಗಳೇ ದಿನಕ್ಕೆ ಎರಡು ಪದದಂತೆ ಕಲಿಸುತ್ತವೆ. ನನಗೆ ಕಲಿಸಿದ್ದೂ ಅವೇ.

ದುಡ್ಡಿಲ್ಲದವರಿಗೂ ದಾರಿ ಇದೆ. ಬಾಂಬೆ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದಲ್ಲೇ ವಿಡಿಯೊ ಪಾಠಗಳಿವೆ, ಹತ್ತು ಹತ್ತು ನಿಮಿಷದವು. ಲೆಕ್ಕದ ಶೀಟ್ ಕಲಿಯೋಕೆ ಲಿಬ್ರೆಆಫೀಸ್ ಸಾಕು, ಅದೂ ಪುಕ್ಕಟೆ. ಪರದೆಯ ಒಂದು ಕಿಟಕಿಯಲ್ಲಿ ಪಾಠ, ಪಕ್ಕದ ಕಿಟಕಿಯಲ್ಲಿ ನಿಮ್ಮ ಕೆಲಸ. ಅವರು ಒಂದು ಹೆಜ್ಜೆ ತೋರಿಸಿದ ಕೂಡಲೇ ನಿಲ್ಲಿಸಿ, ನೀವು ಮಾಡಿ. ಬರೀ ನೋಡುತ್ತಾ ಕೂತರೆ ಏನೂ ಬರೋದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ನಮ್ಮ ಹಳೇ ಗ್ರಂಥಾಲಯಗಳಿಗೇ ಈಗ ಆ ಹೆಸರು, ಹಲವು ಕಡೆ ಕಂಪ್ಯೂಟರ್ ಇಟ್ಟಿದ್ದಾರೆ.

ಸಂಜೆ ಬಸ್ಸಿಗೆ ಹತ್ತಿಸಿ ಬಂದೆ. ಅಣಜಿ ತಲುಪೋದರೊಳಗೆ ಹಮಾಲಿ ಕಳೆಯೋ ಸಾಲು ಸೇರಿಸಿ ಸ್ಕ್ರೀನ್‌ಶಾಟ್ ಕಳಿಸಿದ್ದಾಳೆ. ಆದರೆ ಫೋನಿನ ಚಿಕ್ಕ ಪರದೆಯಲ್ಲಿ ಎಷ್ಟು ದಿನ ಅಂತ ಬರೀತಾಳೆ? ನಿಮ್ಮ ಮನೆಯಲ್ಲಿ ಬಳಸದೆ ಇಟ್ಟಿರೋ ಲ್ಯಾಪ್‌ಟಾಪ್ ಇದ್ದರೆ ಹೇಳಿ. ಬ್ಯಾಟರಿ ಹೋಗಿದ್ದರೂ ಪರವಾಗಿಲ್ಲ, ನಿಧಾನ ಆಗಿದ್ದರೂ ಪರವಾಗಿಲ್ಲ, ವಿಂಡೋಸ್ ಬದಲು ಪುಕ್ಕಟೆ ಸಿಗೋ ಲಿನಕ್ಸ್ ಹಾಕಿಕೊಳ್ಳುತ್ತೇನೆ. ನಾನೇ ಬಂದು ತಗೊಂಡು ಹೋಗುತ್ತೇನೆ.