ಕೊರಳಲ್ಲಿ ಪ್ರತಿನಿಧಿಯ ಬಿಲ್ಲೆ, ಜೇಬಿನಲ್ಲೇ ಉಳಿದ ತಿದ್ದುಪಡಿ

ನಿನ್ನೆ ರಾತ್ರಿ ಕಲಬುರಗಿಯಲ್ಲಿ ರೈಲು ಇಳಿದೆ. ನಮ್ಮ ಪಕ್ಷದ ರಾಷ್ಟ್ರೀಯ ಅಧಿವೇಶನಕ್ಕೆ ಜಿಲ್ಲೆಯ ಪ್ರತಿನಿಧಿಯಾಗಿ ಹೋಗಿದ್ದೆನೆಂಬುದು ಇಲ್ಲಿರುವ ಗೆಳೆಯರಿಗೆಲ್ಲ ಗೊತ್ತಿದೆ. ಬೆಳಗಿನಿಂದ ಎಲ್ಲರೂ ಫೋನ್ ಮಾಡಿ ಹೇಗಾಯಿತೆಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲವಾದ್ದರಿಂದ ಇಲ್ಲಿಯೇ ಬರೆಯುತ್ತಿದ್ದೇನೆ. ಪಕ್ಷದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ಬಲ್ಲವರು ಬಲ್ಲರು, ಮಿಕ್ಕವರಿಗೆ ಅದು ಮುಖ್ಯವೂ ಅಲ್ಲ.

ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ತೊಗರಿ ಬೆಳೆಯುವ ನಾಲ್ಕು ಊರುಗಳ ರೈತರೊಂದಿಗೆ ಕೂತು, ಕೃಷಿ ನಿರ್ಣಯಕ್ಕೆ ಒಂದು ತಿದ್ದುಪಡಿಯನ್ನು ಬರೆದುಕೊಂಡು ಹೋಗಿದ್ದೆ. ತೊಗರಿ ಆಮದಿನ ಮೇಲಿದ್ದ ಪ್ರಮಾಣದ ಮಿತಿಯನ್ನು 2021ರ ಮೇ ತಿಂಗಳಲ್ಲಿ ಸರ್ಕಾರ ತೆಗೆದುಹಾಕಿತು. ಆ ಸಡಿಲಿಕೆಯನ್ನು ಆಮೇಲೆ ಮತ್ತೆ ಮತ್ತೆ ವಿಸ್ತರಿಸುತ್ತಲೇ ಬಂದಿದೆ. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಬರುವ ಕಾಳು ನಮ್ಮ ರಾಶಿಯ ಹೊತ್ತಿಗೆ ಪೇಟೆಯಲ್ಲಿ ತುಂಬಿಕೊಂಡಿದ್ದರೆ, ಸರ್ಕಾರ ಘೋಷಿಸುವ ಬೆಂಬಲ ಬೆಲೆ (2024–25ಕ್ಕೆ ಅದು ಕ್ವಿಂಟಲಿಗೆ 7,550 ರೂಪಾಯಿ ಇತ್ತು) ಕಾಗದದ ಮೇಲಷ್ಟೇ ಉಳಿಯುತ್ತದೆ. ನೆಟೆ ರೋಗಕ್ಕೆ ಅರ್ಧ ಹೊಲ ಒಣಗಿಸಿಕೊಂಡ ರೈತ, ಉಳಿದ ಅರ್ಧದ ಕಾಳನ್ನಾದರೂ ಒಳ್ಳೆಯ ಬೆಲೆಗೆ ಮಾರಲಿ ಎಂಬ ಕಾರಣಕ್ಕೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಮದಿಗೆ ಕಡಿವಾಣ ಹಾಕಬೇಕೆಂಬ ಒಂದೇ ಒಂದು ವಾಕ್ಯವನ್ನು ನಿರ್ಣಯದಲ್ಲಿ ಸೇರಿಸಿ ಎಂದು ಕೇಳುವುದಿತ್ತು.

ಅಧಿವೇಶನದ ಮೊದಲ ಬೆಳಿಗ್ಗೆ ಕೊರಳಿಗೊಂದು ಬಿಲ್ಲೆ, ಕೈಗೊಂದು ಚೀಲ ಕೊಟ್ಟರು. ಚೀಲದಲ್ಲಿ ನೀರಿನ ಬಾಟಲಿ, ಶಲ್ಯ, ನಾಯಕರ ಭಾಷಣಗಳ ಪುಸ್ತಿಕೆ ಇದ್ದವು, ನಿರ್ಣಯಗಳ ಕರಡು ಇರಲಿಲ್ಲ. ಕೇಳಿದಾಗ ಸ್ವಯಂಸೇವಕನೊಬ್ಬ ಮಧ್ಯಾಹ್ನ ಬರುತ್ತದೆ ಎಂದ. ಅದು ಬಂದದ್ದು ಮರುದಿನ, ವೇದಿಕೆಯಿಂದ ನಿರ್ಣಯವನ್ನು ಓದಲು ಆರಂಭಿಸಿದ ಮೇಲೆ. ನಾನು ಎರಡನೆಯ ಪುಟದಲ್ಲಿದ್ದಾಗ ಅಲ್ಲಿ ಓದುವುದು ಮುಗಿದಿತ್ತು. ನನ್ನ ಚೀಟಿಯನ್ನು ಹಿಡಿದು ನಡುವಿನ ದಾರಿಯಲ್ಲಿ ಎದ್ದು ನಿಂತೆ. ವೇದಿಕೆಯ ಬಳಿ ನಿಂತಿದ್ದ ಪದಾಧಿಕಾರಿಯೊಬ್ಬರು ಅಂಗೈಯನ್ನು ಕೆಳಗೆ ಒತ್ತುತ್ತಾ ಕೂರುವಂತೆ ಸನ್ನೆ ಮಾಡಿದರು. ಒಪ್ಪಿದವರು ಕೈ ಎತ್ತಬೇಕೆಂಬ ಮಾತು ಧ್ವನಿವರ್ಧಕದಲ್ಲಿ ಪೂರ್ತಿ ಕೇಳಿಸುವ ಮೊದಲೇ ಸಾವಿರಾರು ಕೈಗಳು ಮೇಲೆದ್ದಿದ್ದವು.

ಆ ಕೈಗಳಲ್ಲಿ ನನ್ನದೂ ಒಂದಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಬಲಗೈಯಲ್ಲಿ ಚೀಟಿ ಇತ್ತು, ಎಡಗೈ ಮೇಲೆ ಹೋಯಿತು. ಸುತ್ತಲಿನವರೆಲ್ಲ ಎತ್ತಿದಾಗ ಒಬ್ಬನೇ ಎತ್ತದೆ ಕೂರುವ ಧೈರ್ಯ ನನಗೆ ಬರಲಿಲ್ಲ. ರೈಲಿನಲ್ಲಿ ರಾತ್ರಿಯಿಡೀ ನಿದ್ದೆ ಬಾರದಿದ್ದುದಕ್ಕೆ ಆ ಪದಾಧಿಕಾರಿಯ ಸನ್ನೆಗಿಂತ ನನ್ನ ಎಡಗೈಯೇ ಹೆಚ್ಚಿನ ಕಾರಣ.

ಅಷ್ಟು ದೊಡ್ಡ ಸಭೆಯಲ್ಲಿ ಎಲ್ಲರೂ ಮಾತಾಡಲು ಸಾಧ್ಯವೇ, ಮಾಧ್ಯಮದವರ ಎದುರು ಭಿನ್ನಾಭಿಪ್ರಾಯವನ್ನು ತೋರಿಸಿಕೊಳ್ಳಬೇಕೇ ಎಂದು ಹಿರಿಯರೊಬ್ಬರು ಬೆಳಿಗ್ಗೆ ನನ್ನನ್ನೇ ಗದರಿದರು. ಈ ವಾದವನ್ನು ನಾನು ಒಪ್ಪುವುದಿಲ್ಲ. ಎಲ್ಲರೂ ಮಾತಾಡಲಿ ಎಂದು ನಾನು ಕೇಳಿಲ್ಲ, ಕರಡನ್ನು ಮೊದಲೇ ಕೊಡಿ, ತಿದ್ದುಪಡಿಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ ಎಂದಷ್ಟೇ ಕೇಳಿದ್ದೇನೆ. ಸಿಪಿಐ(ಎಂ) ತನ್ನ ಮಹಾಧಿವೇಶನಕ್ಕೆ ಎರಡು ತಿಂಗಳು ಮೊದಲೇ ಕರಡು ರಾಜಕೀಯ ನಿರ್ಣಯವನ್ನು ಪ್ರಕಟಿಸಿ, ಶಾಖೆಗಳ ಮಟ್ಟದಿಂದ ತಿದ್ದುಪಡಿಗಳನ್ನು ಸ್ವೀಕರಿಸುತ್ತದೆ. ಆ ಪಕ್ಷದ ವಿಚಾರಗಳೊಂದಿಗೆ ನನಗೆ ನೂರು ತಕರಾರುಗಳಿವೆ, ಈ ಪದ್ಧತಿಯ ಬಗ್ಗೆ ಒಂದೂ ಇಲ್ಲ. 2018ರಲ್ಲಿ ಹೈದರಾಬಾದಿನಲ್ಲಿ ಆ ಪಕ್ಷದ ಮುಂದಿನ ರಾಜಕೀಯ ಧೋರಣೆಯ ಬಗ್ಗೆ ಪ್ರತಿನಿಧಿಗಳು ಬಹಿರಂಗವಾಗಿ ಭಿನ್ನಮತ ತಳೆದು, ಕರಡಿನ ಮಾತನ್ನೇ ಬದಲಾಯಿಸಿದರು. ಅದರಿಂದ ಪಕ್ಷವೇನೂ ಒಡೆದುಹೋಗಲಿಲ್ಲ.

ಹಿಂದಿನದನ್ನು ನೋಡಿದರೆ ನನ್ನ ಸಿಟ್ಟು ಇನ್ನಷ್ಟು ಹೆಚ್ಚುತ್ತದೆ. 1922ರಲ್ಲಿ ಗಯಾದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಅಧ್ಯಕ್ಷರಾಗಿದ್ದ ಚಿತ್ತರಂಜನ್ ದಾಸ್ ಶಾಸನಸಭೆಗಳನ್ನು ಪ್ರವೇಶಿಸಬೇಕೆಂದರು, ಪ್ರತಿನಿಧಿಗಳು ಬೇಡವೆಂದರು. ಸೋತದ್ದು ಅಧ್ಯಕ್ಷರು, ರಾಜೀನಾಮೆ ಕೊಟ್ಟದ್ದೂ ಅವರೇ. 1939ರ ಕಾಂಗ್ರೆಸ್ ಅಧ್ಯಕ್ಷ ಸ್ಥಾನದ ಚುನಾವಣೆಯಲ್ಲಿ ಗಾಂಧೀಜಿಯ ಬೆಂಬಲವಿದ್ದ ಪಟ್ಟಾಭಿ ಸೀತಾರಾಮಯ್ಯನವರಿಗೆ 1,377 ಮತಗಳು, ಸುಭಾಷ್‌ಚಂದ್ರ ಬೋಸರಿಗೆ 1,580 ಮತಗಳು ಬಂದವು. ಈ ಮತಗಳನ್ನು ಹಾಕಿದವರು ಪ್ರಾಂತಗಳ ಪ್ರತಿನಿಧಿಗಳು, ಊರಿನ ಹೊಲ ಮನೆ ಬಿಟ್ಟು ಬಂದ ನನ್ನಂಥವರೂ ಅವರಲ್ಲಿ ಇದ್ದಿರಲೇಬೇಕು.

ನಮ್ಮ ಬೆಳಗಾವಿಯಲ್ಲಿ 1924ರ ಡಿಸೆಂಬರಿನಲ್ಲಿ ನಡೆದ ಅಧಿವೇಶನವಂತೂ ಕನ್ನಡಿಗರಿಗೆಲ್ಲ ಗೊತ್ತಿರುವಂಥದ್ದು, ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ. ಸ್ವಾಗತ ಸಮಿತಿಯ ಹೊಣೆ ಹೊತ್ತ ಗಂಗಾಧರರಾವ್ ದೇಶಪಾಂಡೆಯವರ ಕಾಲದಲ್ಲಿ ತೋಡಿಸಿದ ಬಾವಿಯನ್ನು ಟಿಳಕವಾಡಿಯಲ್ಲಿ ಜನ ಇಂದಿಗೂ ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಎರಡು ವರ್ಷಗಳ ಹಿಂದೆ ಅದರ ಕಟ್ಟೆಯ ಬಳಿ ನಿಂತು ಇಣುಕಿದ್ದೆ. ನಾಡಿನ ಮೂಲೆ ಮೂಲೆಯಿಂದ ಬರುವವರಿಗೆ ಕುಡಿಯಲು ನೀರಿಲ್ಲದಂತಾಗಬಾರದು ಎಂದು ಬಾವಿಯನ್ನೇ ತೋಡಿದರಲ್ಲ, ಪ್ರತಿನಿಧಿಯೆಂದರೆ ಅಂದು ಇದ್ದ ಬೆಲೆ ಅಷ್ಟು. ಬಾಟಲಿ ನೀರಿಗೆ ಈಗ ಕೊರತೆಯಿಲ್ಲ, ಓದಲು ಒಂದು ಕರಡು ಸಿಗುವುದಿಲ್ಲ. ಸದಸ್ಯನಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ಕಠಿಣ ನಿಯಮವೂ ಆ ಅಧಿವೇಶನದ ಮುಂದೆಯೇ ಬಂದು ಒಪ್ಪಿಗೆ ಪಡೆಯಬೇಕಾಯಿತು. ಆ ಚರಿತ್ರೆ ಇಂದಿನ ಯಾವುದೇ ಒಂದು ಪಕ್ಷದ ಸೊತ್ತಲ್ಲ. ರಾಜಕೀಯ ಮಾಡುವ ನಮಗೆಲ್ಲರಿಗೂ ಅದು ಹಿರಿಯರ ಆಸ್ತಿ, ನಾವು ಅದನ್ನು ಕಳೆಯುತ್ತಿದ್ದೇವೆ.

ಪ್ರತಿನಿಧಿಯನ್ನು ಪ್ರೇಕ್ಷಕನಂತೆ ಕೂರಿಸುವುದಾದರೆ ಜಿಲ್ಲೆಗಳಲ್ಲಿ ಆಯ್ಕೆ ಮಾಡಿ ಕಳಿಸುವ ಅಗತ್ಯವಾದರೂ ಏನು? ಚಪ್ಪಾಳೆ ತಟ್ಟಲು ಆ ಊರಿನ ಜನರೇ ಸಾಕಾಗಿದ್ದರು. ನನ್ನನ್ನು ಕಳಿಸಿದವರು ಅವರಲ್ಲ, ಆ ನಾಲ್ಕು ಊರುಗಳ ಜನ.

ಅವರಲ್ಲೊಬ್ಬರು ಇವತ್ತು ಸಂಜೆ ಮನೆಗೆ ಬಂದಿದ್ದರು. ಚಹಾ ಕುಡಿಯುವ ಮೊದಲೇ, "ಅಣ್ಣಾರ, ನಮ್ಮ ತೊಗರಿ ಮಾತು ಬಂತೇನ್ರಿ?" ಎಂದು ಕೇಳಿದರು. ಇಲ್ಲ ಎಂದು ಹೇಳಿ ಚೀಟಿಯನ್ನು ತೋರಿಸಿದೆ. ಅಂಗಿಯ ಜೇಬಿನ ಬೆವರಿಗೆ ಮೇಲಿನ ಎರಡು ಸಾಲುಗಳ ಶಾಯಿ ಕದಡಿ ಹೋಗಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಉಳಿದದ್ದನ್ನು ನಿಧಾನವಾಗಿ ಓದಿ ಮಡಿಸಿ ನನ್ನ ಕೈಗೇ ಕೊಟ್ಟರು. ಬರುವ ಭಾನುವಾರ ತಾಲ್ಲೂಕು ಸಮಿತಿಯ ಸಭೆಯಿದೆ. ಅದನ್ನು ಹೊಸದಾಗಿ ಬರೆದು, ಅಲ್ಲಿ ಎದ್ದು ನಿಂತು ಓದಿ, ನಡಾವಳಿ ಪುಸ್ತಕದಲ್ಲಿ ಬರೆಸದೆ ಕೂರುವುದಿಲ್ಲ.