ಎರಡು ಚುಕ್ಕಿಗೆ 85 ವರ್ಷ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕವಿಗಳ ಮೂಲೆ ಅಂತ ಒಂದು ಜಾಗ ಇದೆ. 1939ರಲ್ಲಿ ಅಲ್ಲಿ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಾರ್ತಿಯರಾದ ಬ್ರಾಂಟೆ ಅಕ್ಕತಂಗಿಯರ ಹೆಸರಿನ ಕಲ್ಲೊಂದನ್ನು ಕೂರಿಸಿದರು. ಷಾರ್ಲಟ್, ಎಮಿಲಿ, ಆನ್. ಅಷ್ಟರಲ್ಲಿ ಯುದ್ಧ ಬಂತು. ಅನಾವರಣ ಮಾಡುವ ಹೊತ್ತಿಗೆ 1947 ಆಯಿತು. ಎಲ್ಲ ಸರಿಯಾಗಿಯೇ ನಡೆಯಿತು, ಒಂದು ಬಿಟ್ಟು. ಇಂಗ್ಲಿಷಿನಲ್ಲಿ ಆ ಹೆಸರು ಬರೆಯುವಾಗ ಕೊನೆಯ ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿ ಇಡಬೇಕು. ಕಲ್ಲಿನ ಮೇಲೆ ಚುಕ್ಕಿ ಇರಲಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಕಲ್ಲು ಕೆತ್ತುವವರನ್ನು ಕರೆಸಿ ಚುಕ್ಕಿ ಇಡಿಸಿದರು. ಲೆಕ್ಕ ಹಾಕಿ ನೋಡಿ. ಎರಡು ಚುಕ್ಕಿಗೆ 85 ವರ್ಷ. ಅಂದರೆ ಚುಕ್ಕಿಯೊಂದಕ್ಕೆ 42 ವರ್ಷ 6 ತಿಂಗಳು. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ ಅಂತ ಅರ್ಜಿ ಹಿಡಿದು ಓಡಾಡುತ್ತಿರುವವರು ಇದನ್ನು ಓದಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

ಈ ಮನೆಯವರಿಗೂ ಕಲ್ಲಿಗೂ ಯಾಕೋ ಆಗಿಬರುವುದಿಲ್ಲ. ಕಿರಿಯವಳು ಆನ್ ಸತ್ತಾಗ ಅವಳಿಗೆ 29. ಸ್ಕಾರ್‌ಬರೋದಲ್ಲಿರುವ ಅವಳ ಸಮಾಧಿಯ ಕಲ್ಲು 28 ಅನ್ನುತ್ತದೆ. ಮೂರು ವರ್ಷ ಬಿಟ್ಟು ಷಾರ್ಲಟ್ ಹೋಗಿ ನೋಡಿದರೆ ಒಂದಲ್ಲ, ಐದು ತಪ್ಪು. ತಿದ್ದಿಸಿ ಬಂದಳು. ತಿದ್ದಿದ ಮೇಲೂ ವಯಸ್ಸು 28ರಲ್ಲೇ ನಿಂತಿತು. ಸರಿಯಾದ ವಯಸ್ಸು ಹೇಳುವ ಇನ್ನೊಂದು ಕಲ್ಲು ಅದರ ಪಕ್ಕಕ್ಕೆ ಬರಲು ಇಪ್ಪತ್ತೊಂದನೇ ಶತಮಾನವೇ ಆಗಬೇಕಾಯಿತು.

ಈ ಚುಕ್ಕಿಗಳ ಕೆಲಸವಾದರೂ ಏನು? ಕೊನೆಯ ಅಕ್ಷರವನ್ನು ನುಂಗಬೇಡಿ, ಬಾಯಿಬಿಟ್ಟು ಹೇಳಿ ಅಂತ ಓದುವವರಿಗೆ ಸೂಚನೆ, ಅಷ್ಟೇ. ನಮ್ಮಲ್ಲಾದರೆ ಟಕಾರಕ್ಕೆ ಎತ್ವ ಕೊಟ್ಟರೆ ಮುಗಿಯಿತು. ಒಂದನೇ ಕ್ಲಾಸಿನಲ್ಲಿ ಕಾಗುಣಿತ ಬರೆಯುವ ಹುಡುಗಿ ಎರಡು ಸೆಕೆಂಡಿನಲ್ಲಿ ಮಾಡಿಬಿಡುತ್ತಾಳೆ. (ಹಾಗಂತ ನಾವೇನು ಸಾಚಾ ಅಲ್ಲ. ಬ್ರಾಂಟೆ, ಬ್ರಾಂಟಿ, ಬ್ರೊಂಟೆ, ಮೂರನ್ನೂ ಒಂದೇ ಲೇಖನದಲ್ಲಿ ಬರೆಯುವ ಧೈರ್ಯ ನಮಗಿದೆ.)

ಇನ್ನೂ ತಮಾಷೆ ಅಂದರೆ ಆ ಚುಕ್ಕಿಗಳು ಹುಟ್ಟಿನಿಂದ ಬಂದವಲ್ಲ. ಅಪ್ಪ ಪ್ಯಾಟ್ರಿಕ್ ಐರ್‌ಲೆಂಡಿನ ಕೌಂಟಿ ಡೌನ್‌ನ ಬಡವರ ಮನೆಯ ಹುಡುಗ. ಅಲ್ಲಿ ಅವರ ಮನೆತನದ ಹೆಸರು ಬ್ರಂಟಿಯೋ ಪ್ರಂಟಿಯೋ, ಏನೋ ಒಂದು. 1802ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಲು ಬಂದಾಗ ದಾಖಲೆ ಪುಸ್ತಕದಲ್ಲಿ ಬ್ರ್ಯಾಂಟಿ ಅಂತ ಬಿತ್ತು. ಆಮೇಲೆ ಅದು ಬ್ರಾಂಟೆ ಆಯಿತು. ಯಾಕೆ ಆ ಹೆಸರೇ? ನೌಕಾ ಸೇನಾಪತಿ ನೆಲ್ಸನ್‌ಗೆ ಸಿಸಿಲಿಯ ಬ್ರಾಂಟೆ ಅನ್ನುವ ಊರಿನ ಡ್ಯೂಕ್ ಪದವಿ ಸಿಕ್ಕಿತ್ತು, ಅದರ ಮೋಹ ಅನ್ನುತ್ತದೆ ಒಂದು ಗುಂಪು. ಗ್ರೀಕ್‌ನಲ್ಲಿ ಅದಕ್ಕೆ ಗುಡುಗು ಅನ್ನುವ ಅರ್ಥ, ಅದಕ್ಕೇ ಅನ್ನುತ್ತದೆ ಇನ್ನೊಂದು ಗುಂಪು. ಎರಡೂ ಗುಂಪಿಗೆ ಸಾಲುವಷ್ಟು ಪುಟಗಳಿವೆ. ಆ ಅಕ್ಷರದ ತಲೆಯ ಮೇಲೆ ಪ್ಯಾಟ್ರಿಕ್ ಒಂದೊಂದು ಸಲ ಒಂದೊಂದು ಗುರುತು ಹಾಕುತ್ತಿದ್ದ. ಒಮ್ಮೆ ಓರೆ ಗೀಟು, ಒಮ್ಮೆ ಅಡ್ಡ ಗೀಟು, ಕೊನೆಗೆ ಚುಕ್ಕಿ.

ಹೆಣ್ಣುಮಕ್ಕಳು ಏನು ಮಾಡಿದರು? 1846ರಲ್ಲಿ ಮೊದಲ ಕವನ ಸಂಕಲನ ತಂದಾಗ ಆ ಹೆಸರನ್ನೇ ಎತ್ತಿಟ್ಟು ಕರರ್, ಎಲ್ಲಿಸ್, ಆಕ್ಟನ್ ಬೆಲ್ ಅಂತ ಗಂಡೋ ಹೆಣ್ಣೋ ತಿಳಿಯದ ಹೆಸರು ಇಟ್ಟುಕೊಂಡರು. ಆ ಪುಸ್ತಕ ಮಾರಾಟವಾಗಿದ್ದು ಎರಡು ಪ್ರತಿ. ಚುಕ್ಕಿಗೊಂದು ಪ್ರತಿ ಅಂದುಕೊಳ್ಳಿ. ಅವರು ಬಚ್ಚಿಟ್ಟ ಹೆಸರಿಗೆ ಈಗ ನಾವು ಹಗಲೂ ರಾತ್ರಿ ಕಾವಲು.

ನಾನೇನು ದೂರ ನಿಂತು ನಗುತ್ತಿಲ್ಲ. ಎಂ.ಎ. ಓದುವಾಗ ಷಾರ್ಲಟ್‌ಳ ಕಾದಂಬರಿ ‘ಜೇನ್ ಏರ್’ ಬಗ್ಗೆ ಮೂರು ಗೈಡು ಓದಿ ಒಳ್ಳೆ ಮಾರ್ಕ್ಸ್ ತೆಗೆದವನು ನಾನು. ಕಾದಂಬರಿ ಓದಿದ್ದು ಐದಾರು ವರ್ಷ ಬಿಟ್ಟು, ರಾತ್ರಿ ಬಸ್ಸಿನಲ್ಲಿ, ಮೊಬೈಲ್ ಚಾರ್ಜ್ ಮುಗಿದಿತ್ತು ಅಂತ. ಓದಿದ ಮೇಲೆ ಆ ಗೈಡುಗಳ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬ್ರಾಂಟೆಯರ ಬಗೆಗಿನ ಸಂಶೋಧನೆಯ ಸಾಮ್ರಾಜ್ಯವೆಲ್ಲ ನಿಂತಿರುವುದು ಒಬ್ಬಳು ಗೆಳತಿ ಬೆಂಕಿ ಹಚ್ಚಲಿಲ್ಲ ಅನ್ನುವುದರ ಮೇಲೆ. 1854ರಲ್ಲಿ ಷಾರ್ಲಟ್ ಮದುವೆಯಾದಳು. ಗಂಡ ಆರ್ಥರ್ ಬೆಲ್ ನಿಕೋಲ್ಸ್, ಪಾದ್ರಿಯಾಗಿದ್ದ ಅವಳ ಅಪ್ಪನಿಗೇ ಚರ್ಚಿನಲ್ಲಿ ಸಹಾಯಕನಾಗಿದ್ದವನು. ಹೆಂಡತಿ ಗೆಳತಿಗೆ ಬರೆಯುವ ಕಾಗದಗಳ ಧಾಟಿ ನೋಡಿ ಅವನಿಗೆ ಎದೆ ಹೊಡೆದುಕೊಂಡಿತು. ಇಂಥ ಕಾಗದ ಬೆಂಕಿಕಡ್ಡಿಯಷ್ಟೇ ಅಪಾಯ, ಓದಿದ ಮೇಲೆ ಸುಟ್ಟುಬಿಡಬೇಕು ಅಂದ. ಅವನು ಹೀಗಂದ ಅನ್ನುವುದು ನಮಗೆ ಹೇಗೆ ಗೊತ್ತು? ಷಾರ್ಲಟ್ ಅದನ್ನೂ ಗೆಳತಿಗೆ ಕಾಗದದಲ್ಲಿ ಬರೆದಳು. ಗೆಳತಿ ಎಲೆನ್ ನಸ್ಸೀ ಸುಡುತ್ತೇನೆ ಅಂತ ಮಾತು ಕೊಟ್ಟಳು, ಸುಡಲಿಲ್ಲ. ನೂರಾರು ಕಾಗದ ಹಾಗೇ ಉಳಿದವು. ಎಲೆನ್ ಏನಾದರೂ ಪುಣ್ಯಕೋಟಿಯ ವಂಶದವಳಾಗಿದ್ದರೆ ಎಷ್ಟು ಪ್ರೊಫೆಸರುಗಳ ಕೆಲಸಕ್ಕೆ ಸಂಚಕಾರ ಬರುತ್ತಿತ್ತೋ.

ಮದುವೆಯಾಗಿ ಒಂಬತ್ತು ತಿಂಗಳಿಗೆ, 1855ರ ಮಾರ್ಚ್ 31ರಂದು ಷಾರ್ಲಟ್ ತೀರಿಕೊಂಡಳು. ವಯಸ್ಸು 38. ಆರು ಮಕ್ಕಳನ್ನೂ ಕಳೆದುಕೊಂಡ ಮುದುಕ ಅಪ್ಪನ ಮನೆಗೆ ಅಂಚೆ ಬರತೊಡಗಿತು. ನಿಮ್ಮ ಮಗಳ ಕೈಬರಹದ ಒಂದು ಚೂರು ಕಳಿಸಿ ಅಂತ. ಇಲ್ಲ ಅನ್ನಲಾರದ ಮನುಷ್ಯ, ಕತ್ತರಿ ತಗೊಂಡು ಮಗಳ ಕಾಗದಗಳನ್ನು ಚೂರು ಚೂರು ಮಾಡಿ ಪ್ರಸಾದದ ಹಾಗೆ ಹಂಚಿದ. ಒಬ್ಬರಿಗೆ ಒಂದು ಸಾಲು, ಇನ್ನೊಬ್ಬರಿಗೆ ಎರಡು ಸಾಲು. ಈಗ ಆ ಚೂರುಗಳನ್ನು ಹುಡುಕಿ ಪಕ್ಕಪಕ್ಕ ಇಟ್ಟು ವಾಕ್ಯ ಕೂಡಿಸುವುದೂ ಒಂದು ವಿದ್ಯೆ.

ಅದೇ ಅಪ್ಪ ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್‌ಗೆ ಮಗಳ ಜೀವನಚರಿತ್ರೆ ಬರೆದುಕೊಡಿ ಅಂತ ಕೇಳಿದ. 1857ರಲ್ಲಿ ಪುಸ್ತಕ ಬಂತು. ಬಂದ ಎರಡು ತಿಂಗಳಿಗೆ ಪತ್ರಿಕೆಯಲ್ಲಿ ಕ್ಷಮಾಪಣೆಯೂ ಬಂತು, ವಕೀಲರ ಮೂಲಕ. ಷಾರ್ಲಟ್‌ಳ ತಮ್ಮ ಬ್ರಾನ್ವೆಲ್ ಹಾಳಾಗಲು ಅವನು ಪಾಠ ಹೇಳುತ್ತಿದ್ದ ಮನೆಯ ಯಜಮಾನಿಯೇ ಕಾರಣ ಅಂತ ಗ್ಯಾಸ್ಕೆಲ್ ಬರೆದಿದ್ದಳು. ಆ ಯಜಮಾನಿ ಇನ್ನೂ ಬದುಕಿದ್ದಳು. ಅಂಗಡಿಯಲ್ಲಿದ್ದ ಪ್ರತಿಗಳನ್ನು ವಾಪಸ್ ತರಿಸಿ, ಅದೇ ವರ್ಷ ತಿದ್ದಿದ ಮೂರನೇ ಮುದ್ರಣ ಹೊರಡಿಸಬೇಕಾಯಿತು. ಆಮೇಲಿನ ಒಂದೂವರೆ ಶತಮಾನದ ಕೆಲಸ ಅಂದರೆ ಗ್ಯಾಸ್ಕೆಲ್ ಏನು ಜಾಸ್ತಿ ಹೇಳಿದಳು, ಏನು ಕಮ್ಮಿ ಹೇಳಿದಳು ಅಂತ ತೂಗುತ್ತಾ ಕೂರುವುದು. ಅದರಲ್ಲಿ ನಿಜವಾಗಿ ಬೆವರು ಸುರಿಸಿದವರೂ ಇದ್ದಾರೆ. 1994ರಲ್ಲಿ ಬಂದ ಜೂಲಿಯೆಟ್ ಬಾರ್ಕರ್ ಪುಸ್ತಕ ಸಾವಿರ ಪುಟ, ಒಳ್ಳೆಯ ಪುಸ್ತಕ. ಮಲಗಿಕೊಂಡು ಓದಲು ಹೋಗಬೇಡಿ, ಕೈಜಾರಿ ಮೂಗಿನ ಮೇಲೆ ಬಿದ್ದರೆ ಕಷ್ಟ.

1895ರಲ್ಲಿ ನಡೆದಿದ್ದು ಮಾತ್ರ ಶುದ್ಧ ವ್ಯಾಪಾರ. ಕ್ಲೆಮೆಂಟ್ ಶಾರ್ಟರ್ ಅನ್ನುವ ಪತ್ರಕರ್ತ ಐರ್‌ಲೆಂಡಿನಲ್ಲಿದ್ದ ಮುದುಕ ನಿಕೋಲ್ಸ್ ಮನೆಗೆ ಹೋಗಿ ಹಸ್ತಪ್ರತಿಗಳನ್ನೆಲ್ಲ ಕೊಂಡುತಂದ. ಹಿಂದೆ ನಿಂತು ದುಡ್ಡು ಕೊಟ್ಟವನು ಥಾಮಸ್ ವೈಸ್, ದೊಡ್ಡ ಗ್ರಂಥಪಂಡಿತ ಅಂತ ಹೆಸರು. ಮುಂದೆ ಇವೆಲ್ಲ ಮ್ಯೂಸಿಯಂ ಸೇರುತ್ತವೆ ಅನ್ನುವ ನಂಬಿಕೆಯಲ್ಲಿ ಮುದುಕ ಕೊಟ್ಟ. ವೈಸ್ ಅವನ್ನು ಬಿಡಿಸಿ, ಕತ್ತರಿಸಿ, ಚೆಂದದ ರಟ್ಟು ಹಾಕಿಸಿ ಮಾರಿದ. ತಮ್ಮ ಬ್ರಾನ್ವೆಲ್ ಬರೆದ ಹಾಳೆಗಳೂ ಅಕ್ಕನ ಹೆಸರಲ್ಲಿ ಹೋದವು, ಅಕ್ಕನಿಗೆ ರೇಟು ಜಾಸ್ತಿ ಅಲ್ವಾ. 1934ರಲ್ಲಿ ಈ ಪಂಡಿತನ ಬಣ್ಣ ಬಯಲಾಯಿತು. ಹಳೆಯ ಅಪರೂಪದ ಮುದ್ರಣಗಳು ಅಂತ ಅವನು ಮಾರುತ್ತಿದ್ದ ಪುಸ್ತಿಕೆಗಳಲ್ಲಿ ಎಷ್ಟೋ ನಕಲಿ. ಅವನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿದ ಹೊಲಿಗೆಯನ್ನು ವಿದ್ವಾಂಸರು ಹತ್ತಾರು ವರ್ಷ ಕೂತು ಮತ್ತೆ ಜೋಡಿಸಿದರು.

ಬೆಂಕಿಕಡ್ಡಿಯ ಮಾತು ಬಂತಲ್ಲ, ಬೆಂಕಿಪೊಟ್ಟಣದ ಕಥೆಯೂ ಇದೆ. ಷಾರ್ಲಟ್ 14 ವರ್ಷದವಳಿದ್ದಾಗ, 1830ರಲ್ಲಿ, ತಮ್ಮನ ಆಟದ ಸಿಪಾಯಿಗಳು ಓದಲಿ ಅಂತ ಬೆಂಕಿಪೊಟ್ಟಣದಷ್ಟು ಚಿಕ್ಕ ಪತ್ರಿಕೆಗಳನ್ನು ಮಾಡಿದಳು. ಅದರಲ್ಲಿ ಒಂದು 2011ರ ಹರಾಜಿನಲ್ಲಿ 6,90,850 ಪೌಂಡಿಗೆ ಪ್ಯಾರಿಸ್ಸಿನ ಮ್ಯೂಸಿಯಂ ಪಾಲಾಯಿತು. ಆ ಮ್ಯೂಸಿಯಂ ನಡೆಸುತ್ತಿದ್ದ ಕಂಪನಿ ನಮ್ಮ ಕಡೆಯ ಚಿಟ್ ಫಂಡ್ ಪಲ್ಟಿ ಹೊಡೆಯುವ ಹಾಗೆ ಪಲ್ಟಿ ಹೊಡೆಯಿತು. 2019ರಲ್ಲಿ ಬ್ರಾಂಟೆ ಅಭಿಮಾನಿಗಳ ಸಂಘವಾದ ಬ್ರಾಂಟೆ ಸೊಸೈಟಿಯವರು ಜನರಿಂದ ಚಂದಾ ಎತ್ತಿ, 6 ಲಕ್ಷ ಯೂರೋ ಕೂಗಿ, ವಾಪಸ್ ತಂದರು. ಮರದ ಸಿಪಾಯಿ ಓದಲಿ ಅಂತ ಬರೆದಿದ್ದನ್ನು ಈಗ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡಬೇಕು.

ಷಾರ್ಲಟ್ ಬಗ್ಗೆಯಾದರೆ ಕಾಗದವಾದರೂ ಇದೆ. ಎಮಿಲಿ ಬಿಟ್ಟುಹೋದದ್ದು ಒಂದು ಕಾದಂಬರಿ, ಒಂದಷ್ಟು ಕವಿತೆ, ಎರಡು ಮೂರು ಪುಟ್ಟ ಕಾಗದ. ಸಾಕ್ಷಿ ಇಲ್ಲದ ಕಡೆ ಕಥೆಗೆ ಜಾಗ ಜಾಸ್ತಿ. 1936ರಲ್ಲಿ ಒಬ್ಬ ಜೀವನಚರಿತ್ರೆಕಾರ್ತಿ ಎಮಿಲಿಯ ಕವಿತೆಯ ಹಸ್ತಪ್ರತಿ ನೋಡುತ್ತಿದ್ದಳು. ಮೇಲೆ ಪೆನ್ಸಿಲ್‌ನಲ್ಲಿ ಏನೋ ಗೀಚಿತ್ತು. ಲೂಯಿ ಪಾರೆನ್ಸೆಲ್ ಅಂತ ಓದಿದಳು. ಅರೆ, ಗಂಡಸಿನ ಹೆಸರು! ಎಮಿಲಿಗೆ ಒಬ್ಬ ಪ್ರಿಯಕರ ಸಿಕ್ಕೇಬಿಟ್ಟ. ಆಮೇಲೆ ಕಣ್ಣು ಸರಿಯಿದ್ದವರು ನೋಡಿದರೆ ಅದು ‘ಲವ್ಸ್ ಫೇರ್‌ವೆಲ್’, ಕವಿತೆಯ ತಲೆಬರಹ. ಪ್ರೇಮಕ್ಕೆ ವಿದಾಯ ಹೇಳುವ ಸಾಲಿನಿಂದಲೇ ಪ್ರೇಮಿ ಹುಟ್ಟಿಬಂದಿದ್ದ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುತ್ತಾರಲ್ಲ, ಇಲ್ಲಿ ಕಟ್ಟಿ ಹಾಲು ಕರೆಯುವುದೊಂದು ಬಾಕಿ ಇತ್ತು.

ಇನ್ನು ಕೆಲವರಿಗೆ ಆ ಒಂದೇ ಕಾದಂಬರಿಯನ್ನೂ ಅವಳ ಕೈಯಿಂದ ಕಿತ್ತುಕೊಳ್ಳುವ ಆಸೆ. ‘ವುದರಿಂಗ್ ಹೈಟ್ಸ್’ ಬರೆದವನು ಬ್ರಾನ್ವೆಲ್ (ಷಾರ್ಲಟ್‌ಗೆ ತಮ್ಮ, ಎಮಿಲಿಗೆ ಅಣ್ಣ) ಅಂತ 1867ರಿಂದಲೇ ಶುರು ಹಚ್ಚಿಕೊಂಡರು. ಸಾಲ, ಹೆಂಡ, ಅಫೀಮುಗಳ ನಡುವೆ ಬಿಡುವು ಮಾಡಿಕೊಂಡು ಅವನು ಬರೆದು ತಂಗಿಗೆ ಕೊಟ್ಟ ಅಂತೆ! ಹೆಣ್ಣು ಬರೆದಳು ಅನ್ನುವುದಕ್ಕಿಂತ ಕುಡುಕ ಬರೆದ ಅನ್ನುವುದೇ ಅವರಿಗೆ ನಂಬಲು ಸುಲಭ.

ಅಕ್ಕತಂಗಿಯರು ಬೆಳೆದ ಹಾವರ್ತ್ ಊರಿನ ಮೇಲಿನ ಬೋಳುಗುಡ್ಡದಲ್ಲಿ ಟಾಪ್ ವಿದೆನ್ಸ್ ಅಂತ ಒಂದು ಪಾಳುಮನೆ ಇದೆ. ಕಾದಂಬರಿಯ ಮನೆ ಇದೇ ಅಂತ ಜನ ಏದುಸಿರು ಬಿಡುತ್ತಾ ಹತ್ತಿ ಹೋಗುತ್ತಾರೆ. ದಾರಿಯ ಕೈಕಂಬಗಳಲ್ಲಿ ಜಪಾನಿ ಭಾಷೆಯೂ ಇದೆ. ಮೇಲೆ ಹೋದರೆ ಬ್ರಾಂಟೆ ಸೊಸೈಟಿ 1964ರಲ್ಲಿ ಹಾಕಿಸಿದ ಫಲಕ ಕಾದಿದೆ. ಅದು ಹೇಳುವುದರ ಸಾರಾಂಶ ಇಷ್ಟು: ಈ ಮನೆ ಪೂರ್ತಿ ನಿಂತಿದ್ದಾಗಲೂ ಎಮಿಲಿ ಬಣ್ಣಿಸಿದ ಮನೆಗೂ ಇದಕ್ಕೂ ಏನೂ ಹೋಲಿಕೆ ಇರಲಿಲ್ಲ, ಆದರೆ ಜಾಗ ಅವಳ ಮನಸ್ಸಿನಲ್ಲಿ ಇದ್ದಿರಬಹುದು, ತುಂಬಾ ಜನ ಕೇಳುತ್ತಿದ್ದಾರೆ ಅಂತ ಈ ಫಲಕ ಹಾಕಿದ್ದೇವೆ. ಇಡೀ ಬ್ರಾಂಟೆ ಉದ್ಯಮದಲ್ಲಿ ನನಗೆ ತೀರಾ ಇಷ್ಟವಾದ ಬರಹ ಇದು. ಇಂಥ ಪ್ರಾಮಾಣಿಕ ಫಲಕ ಬೇರೆ ಎಲ್ಲೂ ನೋಡಿಲ್ಲ.

ಅಂದಹಾಗೆ ಸೊಸೈಟಿಯ ಒಳಗಿನ ಜಗಳವೂ ಕಮ್ಮಿಯದ್ದಲ್ಲ. ಸಭೆಯ ಗಲಾಟೆ ನಿಲ್ಲಿಸಲು ಅಧ್ಯಕ್ಷೆ ಕಾಲಲ್ಲಿದ್ದ ಬೆಲೆಬಾಳುವ ಚಪ್ಪಲಿ ತೆಗೆದು ಮೇಜು ಕುಟ್ಟಿದರು. 2015ರಲ್ಲಿ ರಾಜೀನಾಮೆ ಕೊಟ್ಟು ಹೋದರು.

ಪಾದರಕ್ಷೆ ಅಂದಾಗ ನೆನಪಾಯಿತು. ನಾನೂ ಒಂದು ಪಿಎಚ್‌ಡಿಗೆ ವಿಷಯ ಹಿಡಿದಿದ್ದೇನೆ.

ಷಾರ್ಲಟ್ ಬ್ರಸೆಲ್ಸ್‌ಗೆ ಓದಲು ಹೋಗಿದ್ದಳು. ಅಲ್ಲಿನ ಮೇಷ್ಟ್ರು ಹೆಜೆಯ ಮೇಲೆ ಅವಳಿಗೆ ಮನಸ್ಸಾಯಿತು. ಮೇಷ್ಟ್ರಿಗೆ ಹೆಂಡತಿ ಮಕ್ಕಳು ಎಲ್ಲ ಇದ್ದರು. ಊರಿಗೆ ಬಂದ ಮೇಲೆ ಉತ್ತರ ಬರೆಯಿರಿ, ಎರಡು ಸಾಲಾದರೂ ಬರೆಯಿರಿ ಅಂತ ಕಾಗದ ಹಾಕಿದಳು. ಮೇಷ್ಟ್ರು ಹರಿದು ಬಿಸಾಡಿದರು. ಅವರ ಹೆಂಡತಿ ಚೂರುಗಳನ್ನು ಹೆಕ್ಕಿ ಸೂಜಿದಾರದಲ್ಲಿ ಹೊಲಿದು ಎತ್ತಿಟ್ಟರು. 1913ರಲ್ಲಿ ಮಕ್ಕಳು ಅವನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. ಉಳಿದಿರುವುದು ನಾಲ್ಕು ಕಾಗದ. ಅದರಲ್ಲಿ ಮೂರು ಹರಿದು ಮತ್ತೆ ಜೋಡಿಸಿದ್ದು. 1845ರ ನವೆಂಬರ್‌ನ ಕೊನೆಯದು ಮಾತ್ರ ಹರಿದಿಲ್ಲ. ಅದರ ಅಂಚಿನಲ್ಲಿ ಮೇಷ್ಟ್ರು ಒಬ್ಬ ಬೂಟು ಹೊಲಿಯುವವನ ಹೆಸರು, ವಿಳಾಸ ಗುರುತು ಹಾಕಿಕೊಂಡಿದ್ದಾರೆ.

ಮೇಷ್ಟ್ರ ಬಗ್ಗೆ ಆಯಿತು, ಹೆಂಡತಿಯ ಬಗ್ಗೆ ಆಯಿತು, ದಾರದ ಬಗ್ಗೆಯೂ ಆಯಿತು. ನನ್ನ ಕಣ್ಣು ಆ ಬೂಟಿನವನ ಮೇಲೆ. ಕಾಗದ ಉಳಿದಿದ್ದು ಅವನ ಪುಣ್ಯದಿಂದ ಅಂತ ನನ್ನ ವಾದ. ಮೇಷ್ಟ್ರು ಅವನ ಹತ್ತಿರ ಹೋದರೇ? ಬೂಟು ಕಾಲಿಗೆ ಸರಿಹೋಯಿತೇ? ಕಚ್ಚಿತೇ? ಕನಿಷ್ಠ ನಾಲ್ಕು ಅಧ್ಯಾಯ, ಒಂದು ಅನುಬಂಧ. ಬ್ರಸೆಲ್ಸ್‌ಗೆ ಹೋಗಿಬರುವ ಖರ್ಚು ಯಾರಾದರೂ ಕೊಟ್ಟರೆ ಸಾಕು. ಪ್ರಬಂಧ ಬರೆಯುವುದು ಕನ್ನಡದಲ್ಲಿ, ಚುಕ್ಕಿಯ ಖರ್ಚು ಇರುವುದಿಲ್ಲ.